ಲೋಕಿ ಥಾರ್‌ನ ತಮ್ಮನಾದದ್ದು ಯಾವಾಗ?

ಉತ್ತರ ಯುರೋಪಿನ ಹಳೆಯ ದೇವರ ಕತೆಗಳಲ್ಲಿ ಲೋಕಿ ಥಾರ್‌ನ ತಮ್ಮನಲ್ಲ. ಥಾರ್‌ನ ಅಪ್ಪ ಓಡಿನ್ ಅವನನ್ನು ದತ್ತು ತೆಗೆದುಕೊಂಡಿರಲೂ ಇಲ್ಲ. ಮಾರ್ವೆಲ್ ಕಂಪನಿಯ ಥಾರ್ ಸಿನಿಮಾದಲ್ಲಿ ಲೋಕಿಯ ಅಪ್ಪನಾಗಿ ಬರುವ ಲಾಫೇ, ಆ ಕತೆಗಳಲ್ಲಿ ಅವನ ಅಮ್ಮ. ಥಾರ್‌ನ ಗಡ್ಡ ಕೆಂಪು. ಅವನ ಹೆಂಡತಿ ಸಿಫ್‌ಳ ಕೂದಲು ಅಪ್ಪಟ ಬಂಗಾರ. ಸತ್ತವರ ಲೋಕ ಆಳುವ ಹೆಲ್ ಓಡಿನ್‌ನ ಮಗಳಲ್ಲ, ಲೋಕಿಯ ಮಗಳು.

ಹತ್ತು ಹದಿನೈದು ವರ್ಷಗಳಿಂದ ಹೊಸ ಸಿನಿಮಾ ಅಥವಾ ಕಾಮಿಕ್ಸ್ ಬಂದಾಗಲೆಲ್ಲ ಇದೇ ಜಗಳ. ಮೂಲ ಕತೆ ಕೆಡಿಸಿದರು ಅಂತ ಒಂದು ಗುಂಪು. ಕತೆ ತಾನೇ, ಬದಲಾದರೆ ಏನಾಯ್ತು ಅಂತ ಇನ್ನೊಂದು ಗುಂಪು. ಇದರೊಳಗೆ ಬಣ್ಣ, ಧರ್ಮ, ಹೆಣ್ಣು-ಗಂಡು, ಕಾಪಿರೈಟ್ ಎಲ್ಲ ಸೇರಿಕೊಂಡು ಈಗ ಯಾರು ಯಾವುದರ ಬಗ್ಗೆ ಸಿಟ್ಟಾಗಿದ್ದಾರೆ ಅನ್ನುವುದೇ ಗೊತ್ತಾಗದ ಸ್ಥಿತಿ. ಹಾಗಾಗಿ 'ಮೂಲ' ಅನ್ನುವುದು ಎಲ್ಲಿದೆ ಅಂತ ಮೊದಲು ನೋಡೋಣ.

ಥಾರ್, ಓಡಿನ್, ಫ್ರೇಯಾರನ್ನು ನಿಜವಾಗಿ ಪೂಜಿಸಿದ ಜನ ತಮ್ಮ ದೇವರ ಬಗ್ಗೆ ಪುಸ್ತಕ ಬರೆದಿಡಲಿಲ್ಲ. ಕಲ್ಲಿನ ಮೇಲೆ ಕೆತ್ತಿದ ಕೆಲವು ಸಾಲು, ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದ ಪುಟ್ಟ ಸುತ್ತಿಗೆಗಳು, ಬಾಯಿಪಾಠದ ಪದ್ಯಗಳು, ಇಷ್ಟೇ ಅವರು ಬಿಟ್ಟುಹೋದದ್ದು. 2014ರಲ್ಲಿ ಡೆನ್ಮಾರ್ಕ್‌ನ ಲೋಲನ್ ದ್ವೀಪದಲ್ಲಿ ಅಂಥ ಒಂದು ಸುತ್ತಿಗೆ ಸಿಕ್ಕಿತು. ಅದರ ಮೇಲೆ ಆ ಜನರ ಹಳೆಯ ಲಿಪಿಯಾದ ರೂನ್ ಅಕ್ಷರಗಳಲ್ಲಿ 'ಇದು ಸುತ್ತಿಗೆ' ಅಂತ ಬರೆದಿತ್ತು. ಡೆನ್ಮಾರ್ಕ್‌ನಲ್ಲೇ 10ನೇ ಶತಮಾನದ ಒಂದು ಬಳಪದ ಕಲ್ಲಿನ ಅಚ್ಚೂ ಇದೆ. ಒಂದೇ ಅಚ್ಚಿನಲ್ಲಿ ಥಾರ್‌ನ ಸುತ್ತಿಗೆಗೂ ಕ್ರೈಸ್ತರ ಶಿಲುಬೆಗೂ ಗುಂಡಿ ತೋಡಿದೆ. ಅಕ್ಕಸಾಲಿಗನ ಹತ್ತಿರ ಎರಡೂ ಥರದ ಗಿರಾಕಿ ಬರುತ್ತಿದ್ದರು ಅಂತ ಕಾಣುತ್ತದೆ. ಕ್ರಿಸ್ತಶಕ 1000ದ ಹೊತ್ತಿಗೆ ಐಸ್‌ಲ್ಯಾಂಡ್‌ನ ಜನಸಭೆ ಕ್ರೈಸ್ತ ಧರ್ಮವನ್ನು ಒಪ್ಪಿಕೊಂಡಿತು. ಹಳೆಯ ಪೂಜೆ ನಿಧಾನಕ್ಕೆ ನಿಂತುಹೋಯಿತು.

ಕತೆಗಳನ್ನು ಒಟ್ಟುಮಾಡಿ ಬರೆದದ್ದು ಇದಾಗಿ ಇನ್ನೂರು ವರ್ಷಗಳ ಮೇಲೆ, ಸುಮಾರು 1220ರಲ್ಲಿ. ಬರೆದವರು ಐಸ್‌ಲ್ಯಾಂಡ್‌ನ ಸ್ನೋರಿ ಸ್ಟುರ್ಲುಸನ್. ದೊಡ್ಡ ಜಮೀನುದಾರ, ರಾಜಕಾರಣಿ, ಕವಿ, ಕ್ರೈಸ್ತ. 1241ರಲ್ಲಿ ಅವರ ಮನೆಯಲ್ಲೇ ವಿರೋಧಿಗಳು ಅವರನ್ನು ಕೊಂದರು. ಅವರು ಬರೆದ 'ಎಡ್ಡಾ' ಪೂಜೆಯ ಪುಸ್ತಕವೂ ಅಲ್ಲ, ಪುರಾಣವೂ ಅಲ್ಲ. ಅದು ಕಾವ್ಯ ಕಲಿಯುವ ಹುಡುಗರಿಗೆ ಬರೆದ ಪಾಠ. ಹಳೆಯ ಕವಿಗಳು ಬಂಗಾರಕ್ಕೆ 'ಸಿಫ್‌ಳ ಕೂದಲು' ಅಂತ ಹೇಳುತ್ತಿದ್ದರು. ಹಾಗೆ ಯಾಕೆ ಹೇಳುತ್ತಾರೆ ಅಂತ ಗೊತ್ತಿಲ್ಲದಿದ್ದರೆ ಪದ್ಯವೇ ಅರ್ಥವಾಗುವುದಿಲ್ಲ. ಆದ್ದರಿಂದ ಸ್ನೋರಿ ಕತೆ ಹೇಳುತ್ತಾರೆ: ಲೋಕಿ ಕುಚೇಷ್ಟೆಗೆ ಸಿಫ್‌ಳ ತಲೆ ಬೋಳಿಸಿದ, ಥಾರ್ ಅವನ ಮೂಳೆ ಮುರಿಯಲು ಬಂದ, ಲೋಕಿ ಕುಬ್ಜರ ಹತ್ತಿರ ಓಡಿಹೋಗಿ ಬಂಗಾರದ ಕೂದಲು ಮಾಡಿಸಿ ತಂದ. ಥಾರ್‌ನ ಸುತ್ತಿಗೆ ಹುಟ್ಟಿದ್ದೂ ಇದೇ ಕತೆಯಲ್ಲಿ. ಕುಬ್ಜರು ತಿದಿ ಒತ್ತುವಾಗ ಲೋಕಿ ನೊಣವಾಗಿ ಬಂದು ಕಣ್ಣರೆಪ್ಪೆಗೆ ಕಚ್ಚಿದ. ಒತ್ತುತ್ತಿದ್ದವನು ಒಂದು ಕ್ಷಣ ಕೈ ಬಿಟ್ಟ. ಅದಕ್ಕೇ ಸುತ್ತಿಗೆಯ ಹಿಡಿ ಗಿಡ್ಡ.

ಇದೇ ಪುಸ್ತಕದ ಮುನ್ನುಡಿಯಲ್ಲಿ ಸ್ನೋರಿ ಇನ್ನೊಂದು ಮಾತು ಹೇಳುತ್ತಾರೆ. ಈ ದೇವರುಗಳು ದೇವರೇ ಅಲ್ಲ, ಟ್ರಾಯ್ ನಗರದಿಂದ ಉತ್ತರಕ್ಕೆ ಬಂದ ಮನುಷ್ಯರು. ಥಾರ್ ಟ್ರಾಯ್ ರಾಜ ಪ್ರಿಯಾಮನ ಮೊಮ್ಮಗ. ಚರ್ಚ್ ಆಳುವ ಕಾಲದಲ್ಲಿ ಹಳೆಯ ದೇವರ ಕತೆ ಹೇಳಬೇಕೆಂದರೆ ಇಂಥದ್ದೊಂದು ದಾರಿ ಬೇಕಾಗಿತ್ತು. ನನಗೆ ಈ ಮುನ್ನುಡಿ ತುಂಬಾ ಮುಖ್ಯ. ಇವತ್ತಿನ ಸಿನಿಮಾ ಥಾರ್‌ನನ್ನು ಬೇರೆ ಗ್ರಹದವನನ್ನಾಗಿ ಮಾಡಿತು ಅಂತ ಬೇಸರಪಡುವವರು, ಸ್ನೋರಿ ಅವನನ್ನು ಟ್ರಾಯ್‌ನವನನ್ನಾಗಿ ಮಾಡಿ 800 ವರ್ಷಗಳಾದವು ಅನ್ನುವುದನ್ನು ನೆನಪಿಡಬೇಕು. ಪಂಪ 941ರಲ್ಲಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ. ಅದನ್ನು ಪಂಪಭಾರತ ಅಂತ ಒಪ್ಪಿಕೊಂಡು ಓದುವ ನಮಗೆ ಇದು ಅಷ್ಟೇನೂ ಕಷ್ಟದ ವಿಷಯವಲ್ಲ, ಅಲ್ವಾ?

ಸ್ನೋರಿಯ ಜೊತೆಗೆ ಇನ್ನೊಂದು ಆಧಾರ ಇದೆ. 1270ರ ಸುಮಾರಿಗೆ ಚರ್ಮದ ಹಾಳೆಗಳ ಮೇಲೆ ಯಾರೋ ಹಳೆಯ ಪದ್ಯಗಳನ್ನು ಬರೆದಿಟ್ಟರು. ಬರೆದವರ ಹೆಸರು ಗೊತ್ತಿಲ್ಲ. ಈ ಪದ್ಯಗಳ ಸಂಗ್ರಹವನ್ನೂ ಈಗ 'ಎಡ್ಡಾ' ಅಂತಲೇ ಕರೆಯುತ್ತಾರೆ. 1643ರಲ್ಲಿ ಆ ಹಸ್ತಪ್ರತಿ ಐಸ್‌ಲ್ಯಾಂಡ್‌ನ ಒಬ್ಬ ಬಿಷಪ್ ಕೈಗೆ ಬಂತು. 1662ರಲ್ಲಿ ಡೆನ್ಮಾರ್ಕ್ ರಾಜನಿಗೆ ಹೋಯಿತು. ಈಗ ಉಳಿದಿರುವುದು 45 ಹಾಳೆ. ಮಧ್ಯದ 8 ಹಾಳೆ ಕಳೆದುಹೋಗಿವೆ, ಅವುಗಳಲ್ಲಿದ್ದ ಪದ್ಯಗಳೂ ಹೋದವು. ನಾವು 'ಮೂಲ' ಅನ್ನುವುದರ ಬಹುಪಾಲು ಸ್ನೋರಿಯ ಪುಸ್ತಕದಲ್ಲಿ ಮತ್ತು ಈ 45 ಹಾಳೆಗಳಲ್ಲಿ ಇದೆ.

ಮುಂದಿನ ಐನೂರು ವರ್ಷ ಐಸ್‌ಲ್ಯಾಂಡ್‌ನ ಹೊರಗೆ ಈ ದೇವರುಗಳನ್ನು ಕೇಳಿದವರು ಕಡಿಮೆ. 18ನೇ ಶತಮಾನದಲ್ಲಿ ಫ್ರೆಂಚ್, ಇಂಗ್ಲಿಷ್ ಅನುವಾದಗಳು ಬಂದವು. 19ರಲ್ಲಿ ಜರ್ಮನಿ ಇವರನ್ನು ತನ್ನ ಪೂರ್ವಜರ ದೇವರು ಅಂತ ಅಪ್ಪಿಕೊಂಡಿತು. 1876ರಲ್ಲಿ ಬೈರಾಯ್ಟ್‌ನಲ್ಲಿ ಜರ್ಮನ್ ಸಂಗೀತಕಾರ ವಾಗ್ನರ್‌ನ ಸಂಗೀತ ನಾಟಕ ರಂಗಕ್ಕೆ ಬಂದಾಗ ವೇಷಭೂಷಣದವರು ಹೆಲ್ಮೆಟ್‌ಗೆ ಕೊಂಬು, ರೆಕ್ಕೆ ಹಚ್ಚಿದರು. ಆ ಕಾಲದ ಉತ್ತರ ಯುರೋಪಿನ ಯೋಧರಾದ ವೈಕಿಂಗರು ಯುದ್ಧಕ್ಕೆ ಕೊಂಬಿನ ಹೆಲ್ಮೆಟ್ ಹಾಕುತ್ತಿದ್ದರು ಅನ್ನುವುದಕ್ಕೆ ಪುರಾವೆ ಇಲ್ಲ, ಆದರೆ ಆ ಚಿತ್ರ ಜನರ ಕಣ್ಣಿನಿಂದ ಹೋಗಲಿಲ್ಲ. ಆಮೇಲೆ ನಾಜಿಗಳು ರೂನ್ ಅಕ್ಷರಗಳನ್ನು ಸಮವಸ್ತ್ರದ ಮೇಲೆ ಹೊಲಿಸಿಕೊಂಡರು. 1945ರ ನಂತರ ಯುರೋಪಿನಲ್ಲಿ ಈ ದೇವರ ಹೆಸರು ಹೇಳಲೂ ಮುಜುಗರವಾಗುವ ಕಾಲ ಬಂತು.

ಆ ಮುಜುಗರದಿಂದ ಇವರನ್ನು ಹೊರಗೆ ತಂದವರು ಯಾರು ಅನ್ನುವುದು ಈ ಇತಿಹಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ಮಾರ್ವೆಲ್ ಕಾಮಿಕ್ಸ್‌ನ ಚಿತ್ರಕಾರ ಜ್ಯಾಕ್ ಕರ್ಬಿ, ಬರಹಗಾರ ಸ್ಟ್ಯಾನ್ ಲೀ ಇಬ್ಬರೂ ನ್ಯೂಯಾರ್ಕ್‌ಗೆ ವಲಸೆ ಬಂದ ಬಡ ಯಹೂದಿ ಕುಟುಂಬಗಳ ಮಕ್ಕಳು. ಕರ್ಬಿ 1944ರಲ್ಲಿ ಅಮೆರಿಕದ ಕಾಲಾಳು ಸೈನಿಕನಾಗಿ ಫ್ರಾನ್ಸ್‌ಗೆ ಹೋಗಿ ನಾಜಿಗಳ ವಿರುದ್ಧ ಹೋರಾಡಿದರು. ಚಳಿಗೆ ಕಾಲು ಕೊಳೆಯುವ ಹಂತಕ್ಕೆ ಹೋಗಿ ಆಸ್ಪತ್ರೆ ಸೇರಿದರು. ನಾಜಿಗಳು ತಮ್ಮವರೆಂದು ಹೇಳಿಕೊಂಡ ದೇವರಿಗೆ ಹೊಸ ಮುಖ ಕೊಟ್ಟದ್ದು ಇದೇ ಸೈನಿಕನ ಪೆನ್ಸಿಲ್.

1962ರ ಆಗಸ್ಟ್ ತಾರೀಖು ಹೊತ್ತ 'ಜರ್ನಿ ಇನ್‌ಟು ಮಿಸ್ಟರಿ' ಎಂಬ ಕಾಮಿಕ್ಸ್ ಪತ್ರಿಕೆಯ 83ನೇ ಸಂಚಿಕೆ. ಕತೆ ಲೀ ಅವರದು, ಮಾತು ಅವರ ತಮ್ಮ ಲ್ಯಾರಿ ಲೀಬರ್‌ರದು, ಚಿತ್ರ ಕರ್ಬಿಯದು. ಕುಂಟುವ ಡಾಕ್ಟರ್ ಡೊನಾಲ್ಡ್ ಬ್ಲೇಕ್ ನಾರ್ವೆಗೆ ಹೋಗಿರುತ್ತಾನೆ. ಶನಿ ಗ್ರಹದಿಂದ ಬಂದ ಕಲ್ಲು ಮೈಯ ಜೀವಿಗಳಿಂದ ತಪ್ಪಿಸಿಕೊಂಡು ಗುಹೆಯೊಂದಕ್ಕೆ ನುಗ್ಗುತ್ತಾನೆ. ಅಲ್ಲೊಂದು ಹಳೆಯ ಊರುಗೋಲು. ದಾರಿಗೆ ಅಡ್ಡವಿದ್ದ ಬಂಡೆಗೆ ಸಿಟ್ಟಿನಿಂದ ಅದನ್ನು ಬಡಿದರೆ ಕೋಲು ಸುತ್ತಿಗೆಯಾಗುತ್ತದೆ, ಡಾಕ್ಟರ್ ಥಾರ್ ಆಗುತ್ತಾನೆ. ಹೊಂಬಣ್ಣದ ಕೂದಲು, ಗಡ್ಡವಿಲ್ಲದ ಮುಖ, ರೆಕ್ಕೆಯ ಹೆಲ್ಮೆಟ್, ಎದೆಯ ಮೇಲೆ ಆರು ಬಿಲ್ಲೆ, ಕೆಂಪು ಹೊದಿಕೆ. ಅರವತ್ತು ವರ್ಷ ದಾಟಿದರೂ ಥಾರ್ ಅಂದರೆ ಜಗತ್ತಿನ ಬಹಳ ಜನಕ್ಕೆ ಇವತ್ತಿಗೂ ಇದೇ ರೂಪ.

ಯೋಗ್ಯತೆ ಇದ್ದವನು ಮಾತ್ರ ಎತ್ತಬಲ್ಲ ಅನ್ನುವ ಬರಹ ಆ ಸುತ್ತಿಗೆಯ ಮೇಲಿದೆ. ಇದು ಎಡ್ಡಾಗಳಲ್ಲಿ ಎಲ್ಲೂ ಇಲ್ಲ. ಅಲ್ಲಿ ಸುತ್ತಿಗೆ ಎತ್ತಲು ಯೋಗ್ಯತೆಯ ಷರತ್ತಿಲ್ಲ. ಥ್ರಿಮ್ ಅನ್ನುವ ದೈತ್ಯ ಸಲೀಸಾಗಿ ಕದ್ದು ನೆಲದಡಿ ಎಂಟು ಹರದಾರಿ ಆಳದಲ್ಲಿ ಹೂತಿಡುತ್ತಾನೆ. ಫ್ರೇಯಾಳನ್ನು ಮದುವೆ ಮಾಡಿಕೊಟ್ಟರೆ ವಾಪಸ್ ಕೊಡುತ್ತೇನೆ ಅನ್ನುತ್ತಾನೆ. ಫ್ರೇಯಾ ಸಿಟ್ಟಿಗೆ ಉಸಿರು ಬಿಟ್ಟರೆ ದೇವರ ಮನೆಯೇ ನಡುಗುತ್ತದೆ. ಕೊನೆಗೆ ಥಾರ್‌ನೇ ಸೀರೆಸಿಂಗಾರ ಮಾಡಿಕೊಂಡ ಮದುಮಗಳಂತೆ ಮುಸುಕು ಹಾಕಿಕೊಂಡು ಹೊರಡುತ್ತಾನೆ. ಲೋಕಿ ಅವನ ತೋಳಿನ ಪಕ್ಕ ಸೇವಕಿ. ಮದುವೆ ಊಟದಲ್ಲಿ ಮದುಮಗಳು ಒಂದು ಇಡೀ ಎತ್ತು, ಎಂಟು ಸಾಲ್ಮನ್ ಮೀನು ತಿಂದು ಮೂರು ಪೀಪಾಯಿ ಜೇನುಮದ್ಯ ಕುಡಿಯುತ್ತಾಳೆ. ಥ್ರಿಮ್ ಬೆಚ್ಚಿಬಿದ್ದರೆ ಲೋಕಿ ಸಮಾಧಾನ ಹೇಳುತ್ತಾನೆ: ಇಲ್ಲಿಗೆ ಬರುವ ಆಸೆಯಲ್ಲಿ ಪಾಪ ಎಂಟು ದಿನದಿಂದ ಏನೂ ತಿಂದಿಲ್ಲ. ಸುತ್ತಿಗೆ ಮಡಿಲಿಗೆ ಬರುತ್ತಲೇ ಥಾರ್ ಎಲ್ಲರನ್ನೂ ಚಚ್ಚಿಹಾಕುತ್ತಾನೆ. 2014ರಲ್ಲಿ ಜೇನ್ ಫಾಸ್ಟರ್ ಅನ್ನುವ ಹೆಣ್ಣು ಪಾತ್ರ ಕಾಮಿಕ್ಸ್‌ನಲ್ಲಿ ಥಾರ್ ಆದಾಗ ಪರಂಪರೆಗೆ ಅಪಚಾರ ಅಂದವರು ಈ ಪದ್ಯ ಓದಿದ್ದರೆ ಚೆನ್ನಾಗಿತ್ತು.

1963ರಿಂದ ಅದೇ ಪತ್ರಿಕೆಯ ಹಿಂದಿನ ಐದು ಪುಟದಲ್ಲಿ 'ಟೇಲ್ಸ್ ಆಫ್ ಆಸ್ಗಾರ್ಡ್' ಶುರುವಾಯಿತು. ಅಲ್ಲಿ ಕರ್ಬಿ ಎಡ್ಡಾ ಕತೆಗಳಿಗೇ ಕೈ ಹಾಕಿದರು. ಆದರೆ ಹೊಸದನ್ನೂ ಧಾರಾಳವಾಗಿ ಸೇರಿಸಿದರು. ಥಾರ್‌ನ ಮೂವರು ಗೆಳೆಯರಾದ ವೋಲ್‌ಸ್ಟ್ಯಾಗ್, ಫ್ಯಾಂಡ್ರಲ್, ಹೋಗನ್ 1965ರಲ್ಲಿ ಹುಟ್ಟಿದವರು, ಯಾವ ಹಸ್ತಪ್ರತಿಯಲ್ಲೂ ಇಲ್ಲ. ದೇವರುಗಳು ಶೇಕ್ಸ್‌ಪಿಯರ್ ಕಾಲದ ಇಂಗ್ಲಿಷ್ ಮಾತಾಡಲು ಶುರು ಮಾಡಿದ್ದೂ ಆಗಲೇ. 1983ರಿಂದ ವಾಲ್ಟ್ ಸೈಮನ್ಸನ್ ಬರೆದ ಕಂತುಗಳು ಬೇರೆಯೇ ಮಟ್ಟದವು. ಅವರು ಪುರಾಣ ಓದಿಕೊಂಡು ಬಂದಿದ್ದರು. 380ನೇ ಸಂಚಿಕೆಯಲ್ಲಿ ಥಾರ್ ಮತ್ತು ಭೂಮಿಯನ್ನು ಸುತ್ತಿರುವ ಮಹಾಸರ್ಪದ ಕಾಳಗವಿದೆ. ಒಂದು ಪುಟಕ್ಕೆ ಒಂದೇ ಚಿತ್ರ, ಕೊನೆಯವರೆಗೂ ಹಾಗೇ. ಹಳೆಯ ಪದ್ಯದ ಗಾತ್ರ ಕಾಗದದ ಮೇಲೆ ಬಂದದ್ದು ಅಲ್ಲಿ.

ಹಣದ ವಿಷಯ ಬೇರೆ. ಕರ್ಬಿ 1970ರಲ್ಲಿ ಮಾರ್ವೆಲ್ ಕಂಪನಿ ಬಿಟ್ಟರು. ತಾವೇ ಬರೆದ ಮೂಲ ಚಿತ್ರಗಳನ್ನು ವಾಪಸ್ ಪಡೆಯಲು 80ರ ದಶಕದಲ್ಲಿ ಹೋರಾಡಬೇಕಾಯಿತು. 1994ರಲ್ಲಿ ತೀರಿಕೊಂಡರು. ಅವರ ಕುಟುಂಬಕ್ಕೂ ಕಂಪನಿಗೂ ನಡೆದ ಹಕ್ಕಿನ ವ್ಯಾಜ್ಯ 2014ರಲ್ಲಿ ರಾಜಿಯಲ್ಲಿ ಮುಗಿಯಿತು. ಥಾರ್ ಎಂಬ ದೇವರು ಯಾರ ಸ್ವತ್ತೂ ಅಲ್ಲ. ಆದರೆ ಆ ರೆಕ್ಕೆಯ ಹೆಲ್ಮೆಟ್, ಆ ಬಿಲ್ಲೆಗಳಿರುವ ಥಾರ್ ಒಂದು ಕಂಪನಿಯ ಸ್ವತ್ತು.

2011ರಲ್ಲಿ ಸಿನಿಮಾ ಬಂತು. ದೇವರ ಕಾವಲುಗಾರ ಹೈಮ್‌ಡಾಲ್‌ನ ಪಾತ್ರಕ್ಕೆ ಕಪ್ಪು ನಟ ಇದ್ರಿಸ್ ಎಲ್ಬಾ ಬಂದಾಗ ಅಮೆರಿಕದಲ್ಲಿ ಬಹಿಷ್ಕಾರದ ಕೂಗೆದ್ದಿತು. ಹಳೆಯ ಪದ್ಯ ಹೈಮ್‌ಡಾಲ್‌ನನ್ನು ದೇವರಲ್ಲೆಲ್ಲ ಬಿಳಿಯ ಅನ್ನುವುದು ನಿಜ. ಅದೇ ಹೈಮ್‌ಡಾಲ್ ಒಂಬತ್ತು ತಾಯಂದಿರಿಗೆ ಹುಟ್ಟಿದವನು. ನೆಲದಲ್ಲಿ ಹುಲ್ಲು ಬೆಳೆಯುವ ಸದ್ದು, ಕುರಿಯ ಮೈಮೇಲೆ ಉಣ್ಣೆ ಬೆಳೆಯುವ ಸದ್ದು ಅವನಿಗೆ ಕೇಳಿಸುತ್ತದೆ. ಇದೆಲ್ಲ ಬಿಟ್ಟು ಬಣ್ಣವೊಂದನ್ನೇ ಹಿಡಿದುಕೊಂಡರೆ ಹೈಮ್‌ಡಾಲ್‌ನ ಬಗ್ಗೆ ಏನು ತಿಳಿದಂತಾಯಿತು?

ನನ್ನ ಬೇಸರ ಬೇರೆ ಕಡೆ ಇದೆ. ಕಾಮಿಕ್ಸ್, ಸಿನಿಮಾ ಲೋಕಿಯನ್ನು ಥಾರ್‌ನ ತಮ್ಮನನ್ನಾಗಿ ಮಾಡಿದ್ದರಿಂದ ಒಂದು ದೊಡ್ಡ ಕತೆ ಕೈತಪ್ಪಿತು. ಪದ್ಯಗಳಲ್ಲಿ ಲೋಕಿ ಮತ್ತು ಓಡಿನ್ ರಕ್ತ ಬೆರೆಸಿಕೊಂಡು ಅಣ್ಣತಮ್ಮಂದಿರಾದವರು. ಅಂಥವನು ಓಡಿನ್‌ನ ಪ್ರೀತಿಯ ಮಗ ಬಾಲ್ಡರ್‌ನ ಸಾವಿಗೆ ಕಾರಣನಾಗುತ್ತಾನೆ. ಬಾಲ್ಡರ್‌ಗೆ ಕೇಡು ಮಾಡುವುದಿಲ್ಲ ಅಂತ ಲೋಕದ ಎಲ್ಲ ವಸ್ತುಗಳೂ ಆಣೆ ಮಾಡಿರುತ್ತವೆ, ಒಂದು ಬಂದಣಿಕೆ ಗಿಡ ಬಿಟ್ಟು. ಲೋಕಿ ಅದರ ಕಡ್ಡಿಯನ್ನು ಬಾಲ್ಡರ್‌ನ ಕುರುಡ ಅಣ್ಣತಮ್ಮ ಹೋಡ್‌ನ ಕೈಗೆ ಕೊಟ್ಟು ಎಸೆಸುತ್ತಾನೆ. ಶಿಕ್ಷೆಯಾಗಿ ದೇವರುಗಳು ಲೋಕಿಯನ್ನು ಅವನ ಮಗನ ಕರುಳಿನಿಂದಲೇ ಬಂಡೆಗೆ ಕಟ್ಟುತ್ತಾರೆ. ಮೇಲೆ ಹಾವು, ಮುಖಕ್ಕೆ ವಿಷ ತೊಟ್ಟಿಕ್ಕುತ್ತದೆ. ಹೆಂಡತಿ ಸಿಗಿನ್ ಪಕ್ಕದಲ್ಲಿ ನಿಂತು ಬಟ್ಟಲು ಹಿಡಿಯುತ್ತಾಳೆ. ಬಟ್ಟಲು ತುಂಬಿ ಚೆಲ್ಲಲು ಹೋದಾಗ ವಿಷ ಮುಖಕ್ಕೆ ಬೀಳುತ್ತದೆ, ಲೋಕಿ ಒದ್ದಾಡುತ್ತಾನೆ, ಅದೇ ಭೂಕಂಪ. ಅಣ್ಣನ ಮೇಲೆ ಹೊಟ್ಟೆಕಿಚ್ಚು ಪಡುವ ಹುಡುಗನ ಕತೆ ಇದರ ಮುಂದೆ ಬಹಳ ಸಣ್ಣದು.

ದೇವತೆಯರಿಗೆ ಆದದ್ದೂ ಹೀಗೇ. ಹಳೆಯ ಕತೆಗಳ ಫ್ರೇಯಾ ಬೆಕ್ಕುಗಳು ಎಳೆಯುವ ರಥದಲ್ಲಿ ಓಡಾಡುತ್ತಾಳೆ. ಯುದ್ಧದಲ್ಲಿ ಸತ್ತವರಲ್ಲಿ ಅರ್ಧ ಜನ ಅವಳ ಪಾಲು, ಉಳಿದರ್ಧ ಮಾತ್ರ ಓಡಿನ್‌ಗೆ. ಮಾಟಮಂತ್ರವನ್ನು ದೇವರಿಗೆ ಕಲಿಸಿದವಳೇ ಅವಳು. ಥಾರ್ ಸಿನಿಮಾಗಳಲ್ಲಿ ಅವಳು ಇಲ್ಲ. ಇನ್ನೊಂದು ಕಡೆ ಸಿಫ್‌ಗೆ ಹಳೆಯ ಕತೆಗಳಲ್ಲಿ ಕೂದಲು ಬಿಟ್ಟರೆ ಹೆಚ್ಚು ಕತೆಯೇ ಇರಲಿಲ್ಲ. ಕಾಮಿಕ್ಸ್ ಅವಳಿಗೆ ಕತ್ತಿ ಕೊಟ್ಟಿತು, ಕಪ್ಪು ಕೂದಲು ಕೊಟ್ಟಿತು, ತನ್ನದೇ ಮಾತು ಕೊಟ್ಟಿತು. ಇದನ್ನು ನಷ್ಟ ಅನ್ನಲು ನನಗೆ ಮನಸ್ಸಿಲ್ಲ.

ಉತ್ತರದ ದೇಶಗಳು ಈ ನಡುವೆ ಸುಮ್ನೆ ಕೂತಿರಲಿಲ್ಲ. 1971ರ ಏಪ್ರಿಲ್ 21ರಂದು ಆ 45 ಹಾಳೆಗಳ ಹಸ್ತಪ್ರತಿ ಡೆನ್ಮಾರ್ಕ್‌ನ ನೌಕಾಪಡೆಯ ಹಡಗಿನಲ್ಲಿ ರೇಕ್ಯಾವಿಕ್‌ಗೆ ವಾಪಸ್ ಬಂತು. ಬಂದರಿನಲ್ಲಿ ಸಾವಿರಾರು ಜನ ಕಾದು ನಿಂತಿದ್ದರು. 1973ರಲ್ಲಿ ಹಳೆಯ ದೇವರನ್ನು ನಂಬುವವರ ಸಂಘಕ್ಕೆ ಐಸ್‌ಲ್ಯಾಂಡ್ ಸರ್ಕಾರ ಧರ್ಮದ ಮಾನ್ಯತೆ ಕೊಟ್ಟಿತು. ಡೆನ್ಮಾರ್ಕ್‌ನಲ್ಲಿ ಪೀಟರ್ ಮ್ಯಾಡ್ಸನ್ ಮತ್ತು ಗೆಳೆಯರು 1979ರಿಂದ 2009ರವರೆಗೆ 'ವಾಲ್‌ಹಲ್ಲಾ' ಅನ್ನುವ ಕಾಮಿಕ್ಸ್ ಮಾಲೆಯ 15 ಸಂಪುಟ ತಂದರು. ಅಲ್ಲಿ ಥಾರ್ ಕೆಂಪು ಗಡ್ಡದ, ಹೊಟ್ಟೆಬಾಕ, ಮುಂಗೋಪಿ. ಅದು ನಗಿಸುತ್ತದೆ, ಎಡ್ಡಾಗಳ ಹತ್ತಿರವೂ ಇರುತ್ತದೆ. ಕಾಮಿಕ್ಸ್ ಅಂದರೆ ಹಳೆಯದನ್ನು ಬಿಟ್ಟುಕೊಡಲೇಬೇಕು ಅಂತೇನಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಡ.

ಸುತ್ತಿಗೆಯ ಗುರುತು ಮಾತ್ರ ಇನ್ನೂ ಜಗಳದಲ್ಲೇ ಇದೆ. 2013ರಲ್ಲಿ ಅಮೆರಿಕ ಸರ್ಕಾರ ಸೈನಿಕರ ಸಮಾಧಿ ಕಲ್ಲಿನ ಮೇಲೆ ಅದನ್ನು ಕೆತ್ತಲು ಒಪ್ಪಿತು. ಅದೇ ಗುರುತನ್ನು ಜನಾಂಗದ್ವೇಷದ ಗುಂಪುಗಳೂ ಹಾಕಿಕೊಳ್ಳುತ್ತವೆ. ಐಸ್‌ಲ್ಯಾಂಡ್‌ನ ಸಂಘ ಅಂಥವರಿಂದ ತನ್ನನ್ನು ದೂರವಿಟ್ಟುಕೊಂಡಿದೆ.

ಓದಲು ಶುರು ಮಾಡುವವರಿಗೆ ಎಡ್ಡಾಗಳ ಹಳೆಯ ಇಂಗ್ಲಿಷ್ ಅನುವಾದಗಳು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಮೊದಲು ಥ್ರಿಮ್‌ನ ಪದ್ಯ ಓದಿ, ಅದು ಚಿಕ್ಕದು, ಒಮ್ಮೆ ಕೂತರೆ ಮುಗಿಯುತ್ತದೆ. ಆಮೇಲೆ ಲೋಕಿ ದೇವರುಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಬೈಯುವ 'ಲೋಕಸೆನ್ನ'. ಸ್ನೋರಿಯ ಪುಸ್ತಕಕ್ಕೆ ಅದಾದ ಮೇಲೆ ಹೋಗಬಹುದು. ಹೋದಾಗ ಟ್ರಾಯ್ ಕತೆಯ ಮುನ್ನುಡಿಯನ್ನು ಮಾತ್ರ ಬಿಡಬೇಡಿ.