ಕೊನೆ ಗೊತ್ತಿದ್ದರೂ ಯಾಕೆ ಓದುತ್ತೇವೆ? ಐತಿಹಾಸಿಕ ಸಾಹಸ, ಪ್ರಣಯ ಕಾದಂಬರಿಗಳ ಬಗ್ಗೆ ಟಿಪ್ಪಣಿ

ತ.ರಾ.ಸು. ಅವರ ‘ದುರ್ಗಾಸ್ತಮಾನ’ ಕೈಗೆತ್ತಿಕೊಂಡವರಿಗೆಲ್ಲ ಒಂದು ವಿಷಯ ಮೊದಲೇ ಗೊತ್ತಿರುತ್ತದೆ. ದುರ್ಗ ಬೀಳುತ್ತದೆ. ಪುಸ್ತಕದ ಹೆಸರಲ್ಲೇ ಅದಿದೆ. 1779ರಲ್ಲಿ ಹೈದರಾಲಿ ಚಿತ್ರದುರ್ಗ ಗೆದ್ದ, ಮದಕರಿನಾಯಕ ಸೋತ ಎನ್ನುವುದು ಪಾಠದ ಪುಸ್ತಕದಲ್ಲಿ ಒಂದೆರಡು ಸಾಲಿಗೆ ಮುಗಿದುಹೋಗುವ ಸಂಗತಿ. ಆದರೂ ಅಷ್ಟು ದಪ್ಪದ ಕಾದಂಬರಿಯನ್ನು ಜನ ಕೈಬಿಡದೆ ಓದುತ್ತಾರೆ. ಕೊನೆ ಹತ್ತಿರ ಬಂದಾಗ ‘ಅಯ್ಯೋ, ಹೀಗಾಗಬಾರದಿತ್ತು’ ಅಂದುಕೊಳ್ಳುತ್ತಾರೆ. ಪತ್ತೇದಾರಿ ಕಥೆಯಲ್ಲಿ ಕೊಲೆಗಾರ ಯಾರು ಅಂತ ಯಾರಾದರೂ ಮೊದಲೇ ಹೇಳಿಬಿಟ್ಟರೆ ನಮಗೆ ಸಿಟ್ಟು ಬರುತ್ತದೆ, ಅಲ್ವಾ? ಇಲ್ಲಿ ಯಾಕೆ ಬರುವುದಿಲ್ಲ?

ಈ ಪ್ರಶ್ನೆಗೆ ನಾನು ಮೊದಲ ಸಲ ಬರೆದ ಉತ್ತರ ‘ಇಂದಿನ ಜಂಜಾಟದಿಂದ ತಪ್ಪಿಸಿಕೊಳ್ಳುವುದಕ್ಕೆ’ ಅಂತ. ಈಗ ಓದಿದರೆ ನಾಚಿಕೆಯಾಗುತ್ತದೆ. ಜಂಜಾಟದಿಂದ ತಪ್ಪಿಸಿಕೊಳ್ಳುವುದಕ್ಕೆ ಭೂತದ ಕಥೆಯಾದರೂ ಆದೀತು, ಬೇರೆ ಗ್ರಹದ ಕಥೆಯಾದರೂ ಆದೀತು. ನಿಜವಾಗಿ ನಡೆದುಹೋದ ಕಾಲವೇ ಬೇಕು ಅಂತ ಯಾಕೆ ಅನ್ನಿಸುತ್ತದೆ ಎನ್ನುವುದಕ್ಕೆ ಆ ಉತ್ತರದಲ್ಲಿ ಏನೂ ಇಲ್ಲ.

ಈಗ ನನಗೆ ತೋಚುವುದು ಇಷ್ಟು. ಈ ಕಥೆಗಳಿಗೆ ಎರಡು ಕೊನೆಗಳಿರುತ್ತವೆ. ಕಾಲದ ಕೊನೆ ನಮಗೆ ಗೊತ್ತು, ಮನುಷ್ಯರ ಕೊನೆ ಗೊತ್ತಿಲ್ಲ. ಕೋಟೆ ಬೀಳುತ್ತದೆ, ಸರಿ. ಆದರೆ ಬಾಗಿಲು ಕಾಯುವವನು ಏನಾದ? ಅವನನ್ನು ಕಾಯುತ್ತಿದ್ದವಳು ಏನಾದಳು? ಪಾತ್ರಗಳಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು, ನಮಗೆ ಗೊತ್ತಿಲ್ಲದ್ದು ಅವರ ಎದೆಯಲ್ಲಿದೆ. ಈ ಎರಡರ ನಡುವೆ ಸಿಕ್ಕಿಕೊಂಡೇ ನಾವು ಪುಟ ತಿರುಗಿಸುತ್ತೇವೆ. ಮುಂದಿನದೆಲ್ಲ ಇದೇ ಮಾತಿನ ವಿವರಣೆ.

ಅರವತ್ತು ವರ್ಷದ ಲೆಕ್ಕ

ಎಷ್ಟು ಹಳೆಯದಾದರೆ ‘ಐತಿಹಾಸಿಕ’? ಸಾಹಿತ್ಯದ ಪರೀಕ್ಷೆಯಲ್ಲಿ ಕೇಳಿಯೇ ಕೇಳುತ್ತಾರೆ. ಸ್ಕಾಟ್ಲೆಂಡಿನ ಲೇಖಕ ವಾಲ್ಟರ್ ಸ್ಕಾಟ್ 1814ರಲ್ಲಿ ತನ್ನ ಹೆಸರು ಹಾಕದೆ ಒಂದು ಕಾದಂಬರಿ ಪ್ರಕಟಿಸಿದ. ಹೆಸರು ‘ವೇವರ್ಲಿ’. ಅದರ ಉಪಶೀರ್ಷಿಕೆಯ ಅರ್ಥ ‘ಅರವತ್ತು ವರ್ಷಗಳ ಹಿಂದೆ’ ಅಂತ. ಕಥೆ ನಡೆಯುವುದು ಬ್ರಿಟನ್ನಿನ ರಾಜನ ವಿರುದ್ಧ 1745ರಲ್ಲಿ ಸ್ಕಾಟ್ಲೆಂಡಿನಲ್ಲಿ ಎದ್ದ ದಂಗೆಯ ಕಾಲದಲ್ಲಿ. ಇವತ್ತಿಗೂ ಆತನ ಹೆಸರಿನಲ್ಲಿ ಬ್ರಿಟನ್ನಿನಲ್ಲಿ ಒಂದು ಪ್ರಶಸ್ತಿ ಇದೆ. ಮೊದಲ ಸಲ ಕೊಟ್ಟದ್ದು 2010ರಲ್ಲಿ. ಕಥೆಯ ಹೆಚ್ಚಿನ ಭಾಗ ಕನಿಷ್ಠ 60 ವರ್ಷ ಹಿಂದೆ ನಡೆದಿರಬೇಕು ಎನ್ನುವ ಅದರ ನಿಯಮ ಈ ಉಪಶೀರ್ಷಿಕೆಯಿಂದಲೇ ಬಂದದ್ದು.

ಲೆಕ್ಕ ಸುಮ್ನೆ ಹುಟ್ಟಿದ್ದಲ್ಲ. ಅರವತ್ತು ವರ್ಷ ಅಂದರೆ ಅಜ್ಜಿ ಕಣ್ಣಾರೆ ನೋಡಿದ್ದು, ನಾವು ಬರೀ ಕೇಳಿದ್ದು. ನೆನಪು ಪೂರ್ತಿ ಸತ್ತಿಲ್ಲ, ಆದರೆ ಬರೆಯುವವನ ಕೈಯಲ್ಲೂ ಇಲ್ಲ.

‘ರೋಮಾನ್ಸ್’ ಎಂಬ ಪದದ ಬಗ್ಗೆಯೂ ಒಂದು ಮಾತು. ಮೊದಲಿಗೆ ಅದಕ್ಕೆ ಪ್ರೇಮಕಥೆ ಎಂಬ ಅರ್ಥ ಇರಲಿಲ್ಲ. ಹಳೆಯ ಫ್ರಾನ್ಸ್‌ನಲ್ಲಿ ಲ್ಯಾಟಿನ್ ಬಿಟ್ಟು ಜನರ ಆಡುಮಾತಿನಲ್ಲಿ ಬರೆದ ಕಥೆಗೆ ಆ ಹೆಸರು. ಕುದುರೆ, ಕತ್ತಿ, ಕಾಡು, ಕೈಗೆ ಸಿಗದ ಹೆಣ್ಣು ಎಲ್ಲವೂ ಒಂದೇ ಕಥೆಯಲ್ಲಿರುತ್ತಿದ್ದವು. ಸಾಹಸ ಒಂದು ಕಡೆ, ಪ್ರಣಯ ಇನ್ನೊಂದು ಕಡೆ ಅಂತ ಬೇರೆ ಬೇರೆ ನೋಟ್ಸ್ ಮಾಡಿಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ. ಅವೆರಡೂ ಒಂದೇ ಮನೆಯಲ್ಲಿ ಹುಟ್ಟಿದವು.

ನಡುವೆ ನಿಂತ ನಾಯಕ

‘ವೇವರ್ಲಿ’ಯ ನಾಯಕ ಎಡ್ವರ್ಡ್ ಅಂಥ ದೊಡ್ಡ ಶೂರನೇನೂ ಅಲ್ಲ. ಸ್ವಲ್ಪ ಪೆದ್ದ ಅಂತಲೇ ಹೇಳಬಹುದು. ಇಂಗ್ಲೆಂಡಿನ ಸೈನ್ಯದ ಅಧಿಕಾರಿ, ಸ್ಕಾಟ್ಲೆಂಡಿನ ಗುಡ್ಡಗಾಡಿಗೆ ಹೋಗಿ ದಂಗೆಕೋರರ ಕಡೆ ಜಾರುತ್ತಾನೆ. ಮೊದಲು ಓದಿದಾಗ ‘ಇಷ್ಟು ಸಪ್ಪೆ ಮನುಷ್ಯನನ್ನು ಯಾಕೆ ನಾಯಕ ಮಾಡಿದ’ ಅನ್ನಿಸಿತ್ತು. ಹಂಗೇರಿಯ ಚಿಂತಕ ಗ್ಯೋರ್ಗ್ ಲುಕಾಚ್ 1937ರಲ್ಲಿ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟ. ಸಾಧಾರಣ ಮನುಷ್ಯನಾದ್ದರಿಂದಲೇ ಅವನು ಎರಡೂ ಪಾಳಯದ ಮನೆಗಳಿಗೆ ಹೋಗಿ ಬರಬಲ್ಲ. ರಾಜನನ್ನೇ ನಾಯಕ ಮಾಡಿದರೆ ನಮಗೆ ಕಾಣುವುದು ಒಂದು ಪಕ್ಷ ಮಾತ್ರ. ಅದಕ್ಕೇ ಇಂಥ ಕಥೆಗಳಲ್ಲಿ ದೊಡ್ಡ ಹೆಸರುಗಳು ಬಾಗಿಲ ಸಂದಿಯಲ್ಲಿ ಕಂಡು ಮರೆಯಾಗುತ್ತವೆ. ಕಥೆ ಹೊರುವವರು ದೂತರು, ಕಿರಿಯ ಅಧಿಕಾರಿಗಳು, ದಾಸಿಯರು, ಅನಾಥ ಹುಡುಗರು.

ಈಗ ಪ್ರಣಯದ ಕಡೆ ನೋಡಿ. ಎಡ್ವರ್ಡ್‌ನ ಮುಂದೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಫ್ಲೋರಾ ದಂಗೆಗೆ ಜೀವ ಕೊಡುವವಳು, ಅವಳಿಗೆ ಮದುವೆಗಿಂತ ಅದೇ ದೊಡ್ಡದು. ರೋಸ್ ಶಾಂತ ಸ್ವಭಾವದವಳು, ಮನೆ ಕಟ್ಟಬಲ್ಲವಳು. ಯಾರನ್ನು ಮದುವೆಯಾಗುತ್ತಾನೆ ಎನ್ನುವ ಪ್ರಶ್ನೆಯೂ, ಯಾವ ದೇಶ ಉಳಿಯುತ್ತದೆ ಎನ್ನುವ ಪ್ರಶ್ನೆಯೂ ಇಲ್ಲಿ ಒಂದೇ. ಅವನು ರೋಸ್‌ಳನ್ನು ಮದುವೆಯಾಗುತ್ತಾನೆ. ಫ್ಲೋರಾಳ ಅಣ್ಣ ಫರ್ಗಸ್‌ನನ್ನು ರಾಜದ್ರೋಹಕ್ಕೆ ಕೊಲ್ಲುತ್ತಾರೆ. ದಂಗೆ ಮುಗಿಯಿತು ಅಂತ ಇತಿಹಾಸ ಒಣಗಿದ ದನಿಯಲ್ಲಿ ಹೇಳಿದ್ದು ನಮಗೆ ಇಲ್ಲಿ ಒಂದು ಮದುವೆಯಾಗಿ, ಒಂದು ಸಾವಾಗಿ ತಟ್ಟುತ್ತದೆ. ‘ಪ್ರಣಯ ಬರೀ ಒಗ್ಗರಣೆ’ ಅಂತ ಯಾರಾದರೂ ಬರೆದರೆ ಈ ಉದಾಹರಣೆ ಎದುರಿಗಿಡಿ.

ಇತಿಹಾಸದ ಸಂದಿ

ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

1628ರ ಆಗಸ್ಟ್ 23ರಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಊರಿನಲ್ಲಿ ರಾಜನ ಆಪ್ತ ಮಂತ್ರಿ ಬಕಿಂಗ್‌ಹ್ಯಾಮ್ ಡ್ಯೂಕನನ್ನು ಜಾನ್ ಫೆಲ್ಟನ್ ಎಂಬ ಸೈನ್ಯಾಧಿಕಾರಿ ಇರಿದು ಕೊಂದ. ಇದು ನಡೆದ ಸಂಗತಿ. ಯಾಕೆ ಕೊಂದ ಎನ್ನುವುದಕ್ಕೆ ಇತಿಹಾಸದಲ್ಲಿ ಬೇಸರದ ಕಾರಣಗಳಿವೆ. ಬರಬೇಕಾದ ಸಂಬಳ ಬಂದಿರಲಿಲ್ಲ, ಬಡ್ತಿ ಸಿಕ್ಕಿರಲಿಲ್ಲ, ಡ್ಯೂಕನ ಮೇಲೆ ಇಡೀ ದೇಶಕ್ಕೇ ಸಿಟ್ಟಿತ್ತು.

ಫ್ರಾನ್ಸಿನ ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ 1844ರಲ್ಲಿ ಪತ್ರಿಕೆಯಲ್ಲಿ ಕಂತುಕಂತಾಗಿ ‘ತ್ರೀ ಮಸ್ಕೆಟೀರ್ಸ್’ ಬರೆದಾಗ ಮಾಡಿದ್ದೇನು? ಕೊಲೆಯನ್ನು ಮುಟ್ಟಲಿಲ್ಲ. ಊರು ಅದೇ, ಕೊಂದವನು ಅದೇ ಫೆಲ್ಟನ್, ಸತ್ತವನೂ ಅದೇ ಡ್ಯೂಕ್. ‘ಯಾಕೆ’ ಎನ್ನುವ ಜಾಗಕ್ಕೆ ಮಾತ್ರ ಒಬ್ಬ ಹೆಣ್ಣನ್ನು ತಂದು ನಿಲ್ಲಿಸಿದ. ಮಿಲೇಡಿ ಎಂಬ ಆ ಸಂಚುಗಾರ್ತಿ ಸೆರೆಯಲ್ಲಿರುತ್ತಾಳೆ, ಕಾವಲಿಗೆ ಫೆಲ್ಟನ್. ಅವನು ಕಟ್ಟಾ ಪ್ಯೂರಿಟನ್ (ಕಟ್ಟುನಿಟ್ಟಿನ ಪ್ರಾಟೆಸ್ಟಂಟ್ ಪಂಥದ) ಭಕ್ತ ಅಂತ ತಿಳಿದ ಕೂಡಲೇ ಅವಳೂ ಭಕ್ತೆಯಾಗುತ್ತಾಳೆ. ದಿನಕ್ಕೊಂದು ಪಟ್ಟು. ಅವನಿಗೆ ಕೇಳುವಂತೆ ಪ್ರಾರ್ಥನೆ ಹಾಡುತ್ತಾಳೆ, ಸಾಯುತ್ತೇನೆ ಅನ್ನುತ್ತಾಳೆ, ಡ್ಯೂಕನಿಂದ ತನಗೆ ಅನ್ಯಾಯವಾಯಿತು ಅಂತ ಕಥೆ ಕಟ್ಟುತ್ತಾಳೆ. ಐದು ದಿನದಲ್ಲಿ ಕಾವಲುಗಾರ ಕರಗಿ ಕೊಲೆಗಾರನಾಗುತ್ತಾನೆ.

ಡ್ಯೂಕ್ ಸಾಯುವುದು ನಮಗೆ ಗೊತ್ತು. ಹಾಗಾಗಿ ‘ಸಾಯುತ್ತಾನಾ’ ಅಂತ ನಾವು ಕೇಳುವುದೇ ಇಲ್ಲ. ‘ಈ ಹುಡುಗ ಇನ್ನೆಷ್ಟು ದಿನ ತಡೆದಾನು’ ಎನ್ನುವುದೇ ನಮ್ಮ ಚಿಂತೆ. ಇತಿಹಾಸ ಕೊಟ್ಟ ಕೊನೆ ಇಲ್ಲಿ ಅಡ್ಡಿಯಾಗಲಿಲ್ಲ, ಅದೇ ಕಥೆಯ ಬೆನ್ನುಮೂಳೆಯಾಯಿತು. ಐತಿಹಾಸಿಕ ಸಾಹಸ ಕಥೆಗೆ ದಾಖಲೆಯಲ್ಲಿ ಬಿಟ್ಟುಹೋದ ಸಂದಿ ಬೇಕು. ದಾಖಲೆ ಪೂರ್ತಿ ತುಂಬಿದ್ದರೆ ಕಾದಂಬರಿಕಾರನಿಗೆ ಕಾಲಿಡಲು ಜಾಗವಿಲ್ಲ.

ತಡವಾಗಿ ಬಂದ ಸುದ್ದಿ

ಹಳೆಯ ಕಾಲ ಯಾಕೆ ಅಂತ ಕೇಳಿದೆನಲ್ಲ, ಅದಕ್ಕೆ ಇನ್ನೊಂದು ಸಾದಾ ಕಾರಣವಿದೆ. ಆಗ ಸುದ್ದಿ ನಿಧಾನ. ಬ್ರಿಟನ್ ಮತ್ತು ಅಮೆರಿಕ 1814ರ ಡಿಸೆಂಬರ್ 24ರಂದು ಯುರೋಪಿನ ಗೆಂಟ್ ಊರಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದವು. ಸುದ್ದಿ ಹಡಗಿನಲ್ಲಿ ಬರಬೇಕು. ಅದು ದಾರಿಯಲ್ಲಿರುವಾಗಲೇ, 1815ರ ಜನವರಿ 8ರಂದು, ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಎರಡೂ ಕಡೆಯವರು ಹೊಡೆದಾಡಿಕೊಂಡರು. ನೂರಾರು ಜನ ಸತ್ತರು. ಇವತ್ತಿನ ಕಥೆಯಲ್ಲಿ ಇಂಥದ್ದನ್ನು ಬರೆಯಬೇಕಾದರೆ ಫೋನ್ ಕಳೆದುಹೋಯಿತು, ಚಾರ್ಜ್ ಇರಲಿಲ್ಲ ಅಂತ ಏನೇನೋ ನೆಪ ಹುಡುಕಬೇಕು. ಆಗ ನೆಪವೇ ಬೇಕಿರಲಿಲ್ಲ. ಒಂದು ಪತ್ರ, ಒಂದು ಕುದುರೆ, ಒಂದು ತುಂಬಿದ ಹೊಳೆ ಇದ್ದರೆ ಸಾಹಸ ಕಥೆ ಶುರುವಾಯಿತು.

ಪ್ರಣಯಕ್ಕೂ ಇದೇ ಮಾತು. ಅಡ್ಡಗೋಡೆ ಇಲ್ಲದಿದ್ದರೆ ಪ್ರೇಮಕಥೆ ಹತ್ತು ಪುಟಕ್ಕೆ ಮುಗಿದುಹೋಗುತ್ತದೆ. ಇಂಗ್ಲೆಂಡಿನಲ್ಲಿ ರೀಜೆನ್ಸಿ ಅಂತ ಕರೆಯುವ ಕಾಲ ಇದ್ದದ್ದು 1811ರಿಂದ 1820ರವರೆಗೆ, ಬರೀ ಒಂಬತ್ತು ವರ್ಷ. ಅಷ್ಟು ಸಣ್ಣ ಅವಧಿಯ ಮೇಲೆ ಲೆಕ್ಕವಿಲ್ಲದಷ್ಟು ಪ್ರಣಯ ಕಾದಂಬರಿಗಳು ಬಂದಿವೆ, ಇನ್ನೂ ಬರುತ್ತಿವೆ. ಯಾರು ಯಾರೊಡನೆ ಎಷ್ಟು ಸಲ ಕುಣಿಯಬಹುದು ಎನ್ನುವುದಕ್ಕೂ ಅಲ್ಲಿ ಕಟ್ಟುಪಾಡು. ಹಾಗಾಗಿ ಕೈಗವಸು ಕಳಚಿದರೂ ಅದು ಒಂದು ಘಟನೆ.

ಆ ಕಾಲದ ಒಂದು ರಾತ್ರಿಯನ್ನು ಕಾದಂಬರಿಕಾರರು ಮತ್ತೆ ಮತ್ತೆ ಎತ್ತಿಕೊಂಡಿದ್ದಾರೆ. 1815ರ ಜೂನ್ 15ರಂದು ಬ್ರಸೆಲ್ಸ್‌ನಲ್ಲಿ ರಿಚ್ಮಂಡ್ ಡಚೆಸ್ ನೃತ್ಯಕೂಟ ಏರ್ಪಡಿಸಿದ್ದಳು. ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್ ಇದ್ದ, ಅವನ ಅಧಿಕಾರಿಗಳು ಬಹಳ ಮಂದಿ ಇದ್ದರು. ನೃತ್ಯ ನಡೆಯುತ್ತಿರುವಾಗಲೇ ನೆಪೋಲಿಯನ್ ಹತ್ತಿರ ಬಂದ ಸುದ್ದಿ ಬಂತು. ಯುವಕರು ಅಲ್ಲಿಂದಲೇ ಹೊರಟರು. ಕೆಲವರಿಗೆ ಬಟ್ಟೆ ಬದಲಿಸಲೂ ಹೊತ್ತಿರಲಿಲ್ಲ, ಮರುದಿನ ಕಾತ್ರ್ ಬ್ರಾ ಕಾಳಗದಲ್ಲಿ ನೃತ್ಯದ ಉಡುಪಿನಲ್ಲೇ ಹೋರಾಡಿದರು. ಹಿಂದಿನ ರಾತ್ರಿ ಕೂಟಕ್ಕೆ ಬಂದಿದ್ದ ಬ್ರನ್ಸ್‌ವಿಕ್ ಡ್ಯೂಕ್ ಆ ಕಾಳಗದಲ್ಲಿ ಸತ್ತ. ನೆಪೋಲಿಯನ್ ಕೊನೆಯದಾಗಿ ಸೋತ ವಾಟರ್ಲೂ ಕಾಳಗ ಇನ್ನೂ ಎರಡು ದಿನ ದೂರ ಇತ್ತು.

ಈ ದೃಶ್ಯಕ್ಕೆ ಯಾರೂ ಏನೂ ಸೇರಿಸಬೇಕಿಲ್ಲ. ಕುಣಿಯುತ್ತಿರುವ ಹುಡುಗಿಗೆ ನಾಳೆ ಏನು ಅಂತ ಗೊತ್ತಿಲ್ಲ, ನಮಗೆ ತಾರೀಕಿನ ಸಮೇತ ಗೊತ್ತು. ‘ಇನ್ನೊಂದು ಸುತ್ತು ಕುಣಿ, ಈಗಲೇ ಅವನ ಕೈ ಬಿಡಬೇಡ’ ಅಂತ ಕೂಗಿ ಹೇಳಬೇಕು ಅನ್ನಿಸುತ್ತದೆ.

ಯಾವ ತಪ್ಪು ತಪ್ಪು?

ಡ್ಯೂಮಾನ ಕಥೆ ಶುರುವಾಗುವುದು 1625ರಲ್ಲಿ. ಅದರ ನಾಯಕ ದಾರ್ತಾನ್ಯಾನ್‌ನ ಹೆಸರಿನವನು ನಿಜವಾಗಿಯೂ ಇದ್ದ, 1673ರಲ್ಲಿ ಮಾಸ್ಟ್ರಿಕ್ಟ್ ಮುತ್ತಿಗೆಯಲ್ಲಿ ಸತ್ತ. ಆದರೆ ಅವನು ಹುಟ್ಟಿದ್ದು ಸುಮಾರು 1611ರಲ್ಲಿ, ಅಂದರೆ ಕಥೆ ಶುರುವಾದಾಗ ಇನ್ನೂ ಮೀಸೆ ಮೂಡದ ಹುಡುಗ. ಇನ್ನೊಂದು ತಮಾಷೆ. ನಾಯಕನ ಗೆಳೆಯ ಅರಾಮಿಸ್‌ನ ಮನೆ ಇರುವ ಜಾಗ ಹೇಳುವಾಗ ಸರ್ವಾಂದೋನಿ ಬೀದಿಯ ಹೆಸರು ಬರುತ್ತದೆ. ಆ ಬೀದಿಗೆ ಹೆಸರು ಕೊಟ್ಟ ವಾಸ್ತುಶಿಲ್ಪಿ ಹುಟ್ಟಿದ್ದೇ 1695ರಲ್ಲಿ!

ಇಂಥದ್ದನ್ನು ಹಿಡಿದಾಗ ಖುಷಿಯಾಗುವುದು ನಿಜ. ಆದರೆ ಕಥೆ ಕುಸಿಯುವುದಿಲ್ಲ. ನನ್ನ ಲೆಕ್ಕದಲ್ಲಿ ಕಥೆಯನ್ನು ಕುಸಿಸುವ ತಪ್ಪು ಬೇರೆಯೇ ಇದೆ. ಬಟ್ಟೆ ಹಳೆಯ ಕಾಲದ್ದು, ಅದರೊಳಗಿನ ಮನುಷ್ಯ ನಿನ್ನೆ ಮೊನ್ನೆಯವನು. ನಾಯಕಿಗೆ ದೇವರ ಭಯವಿಲ್ಲ, ಕುಲದ ಭಯವಿಲ್ಲ, ನಮ್ಮ ಹಾಗೇ ಯೋಚಿಸುತ್ತಾಳೆ. ಹಾಗಾದಾಗ ಅವಳ ಮುಂದಿದ್ದ ಗೋಡೆ ಬಣ್ಣದ ಪರದೆಯಾಗಿಬಿಡುತ್ತದೆ. ಬೀದಿಯ ಹೆಸರು ತಪ್ಪಾದರೆ ಕ್ಷಮಿಸಬಹುದು, ಭಯ ತಪ್ಪಾದರೆ ಕಷ್ಟ. ಭಾಷೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಸಡಿಲ ಇರಲೇಬೇಕು. ಸ್ಕಾಟ್ ಕೂಡ ‘ಐವನ್‌ಹೋ’ ಮುನ್ನುಡಿಯಲ್ಲಿ ಹಳೆಯದನ್ನು ಓದುಗರ ಕಾಲದ ನುಡಿಗೆ ತರಲೇಬೇಕು ಎಂಬರ್ಥದ ಮಾತು ಹೇಳುತ್ತಾನೆ. ಪ್ರತಿ ಸಾಲಿಗೂ ನಿಘಂಟು ಬೇಕಾದರೆ ಯಾರು ಓದುತ್ತಾರೆ?

ಇನ್ನೊಂದು ಆಕ್ಷೇಪ ಇದೆ, ಅದು ಗಟ್ಟಿಯೇ. ಈ ಕಥೆಗಳು ಹಳೆಯ ಕಾಲವನ್ನು ಚಂದ ಮಾಡಿಬಿಡುತ್ತವೆ. ಕುದುರೆ ಏರುವವನು ಕಾಣುತ್ತಾನೆ, ಲಾಯ ತೊಳೆಯುವವನು ಕಾಣುವುದಿಲ್ಲ. ಒಪ್ಪಿಕೊಳ್ಳಬೇಕಾದ ಮಾತು. ಒಳ್ಳೆಯ ಕಾದಂಬರಿ ಯಾವುದು ಅಂತ ತೂಗುವಾಗ ನಾನು ಈಗ ಲಾಯದಲ್ಲಿ ಯಾರಿದ್ದಾರೆ ಅಂತ ನೋಡುತ್ತೇನೆ.

ಒಂದು ಕೊಡ ನೀರು

ಕೊನೆಗೆ ಒಂದು ಅಭ್ಯಾಸ. ಪಾಠದ ಪುಸ್ತಕದ ಧಾಟಿಯಲ್ಲಿ ನಾನೇ ಎರಡು ವಾಕ್ಯ ಬರೆದುಕೊಂಡೆ: ‘ಮುತ್ತಿಗೆ ಮೂರು ತಿಂಗಳು ನಡೆಯಿತು. ಕೋಟೆಯೊಳಗೆ ನೀರಿನ ಅಭಾವ ಉಂಟಾಯಿತು.’ ಅದನ್ನೇ ಕಥೆ ಮಾಡಲು ಹೀಗೆ ಬರೆದೆ:

‘ಬಾವಿಯ ಹಗ್ಗಕ್ಕೆ ಅವಳು ಇವತ್ತು ಇನ್ನೊಂದು ಮಾರು ಗಂಟು ಹಾಕಿದಳು. ಹೋದ ವಾರ ಹಾಕಿದ ಗಂಟು ಇನ್ನೂ ಹೊಸದಾಗಿಯೇ ಇತ್ತು. ಕೊಡ ತಳಕ್ಕೆ ಬಡಿದ ಸದ್ದು ಬಂತು. ನೀರಿನ ಸದ್ದು ಬರಲಿಲ್ಲ. ಪಹರೆಯವನು ತಿರುಗಿ ನೋಡಿದ. ಅವಳು ಕೊಡ ಎತ್ತಿ ಸೊಂಟಕ್ಕಿಟ್ಟು, ತುಂಬಿದ ಕೊಡದ ಭಾರಕ್ಕೆ ಬಾಗುವ ಹಾಗೆ ಬಾಗಿ, ಜನರ ನಡುವೆ ನಡೆದು ಹೋದಳು.’

ಮೂರು ತಿಂಗಳು ಅಂತ ಎಲ್ಲೂ ಹೇಳಿಲ್ಲ, ಹಗ್ಗದ ಗಂಟು ಹೇಳುತ್ತದೆ. ಜೊತೆಗೆ ಓದುವವರ ಮುಂದೆ ಇದನ್ನು ಓದಿದೆ. ಯಾವ ಕೋಟೆ, ಯಾವ ರಾಜ, ಉಳಿಯಿತಾ ಬಿತ್ತಾ ಅಂತ ಒಬ್ಬರೂ ಕೇಳಲಿಲ್ಲ. ‘ಪಹರೆಯವನಿಗೆ ಗೊತ್ತಾಯಿತಲ್ಲ, ಅವನು ಯಾರಿಗಾದರೂ ಹೇಳಿದನಾ?’ ಅಂತ ಕೇಳಿದರು. ಇಬ್ಬರು ಅದರ ಮೇಲೆ ಜಗಳಕ್ಕೇ ಬಿದ್ದರು. ಖಂಡಿತ ಹೇಳುವುದಿಲ್ಲ, ನಾಳೆ ಅವನೇ ಬಂದು ಆ ಖಾಲಿ ಕೊಡ ಹೊರುತ್ತಾನೆ ಅಂತ ಒಬ್ಬಳ ವಾದ. ಹೇಳುವುದೇ ಪಹರೆಯವನ ಕೆಲಸ, ಹೇಳದಿದ್ದರೆ ತಲೆ ಹೋಗುತ್ತದೆ ಅಂತ ಇನ್ನೊಬ್ಬನ ವಾದ. ಮುಂದಿನ ವಾರ ಇಬ್ಬರೂ ತಮ್ಮ ತಮ್ಮ ಮುಂದಿನ ಪ್ಯಾರಾ ಬರೆದು ತರುತ್ತಾರಂತೆ.