ಮೂರು ಮೀಟರ್ ವೈರ್ ಏನು ಮಾಡೀತು?

ಗೆಳೆಯನ ಮನೆಗೆ ಹೋದೆ. ಅವನು ಬಾಗಿಲಲ್ಲೇ ನಿಲ್ಲಿಸಿಕೊಂಡು, "ಬೇಗ ಬಾ, ಕೇಳು, ಬಾಸ್ ವಾಪಸ್ ಬಂದಿದೆ" ಎಂದ. ಆಂಪ್ಲಿಫೈಯರ್‌ನಿಂದ ಎರಡೂ ಸ್ಪೀಕರ್‌ಗೆ ಹೆಬ್ಬೆರಳು ದಪ್ಪದ ಹೊಸ ಕೇಬಲ್ ಎಳೆದಿದ್ದ. ಸ್ಪೀಕರ್‌ಗೆ ಕೊಟ್ಟಷ್ಟೇ ದುಡ್ಡನ್ನು ಕೇಬಲ್‌ಗೂ ಕೊಟ್ಟಿದ್ದ. ಕೇಳಿದೆ. ಅವನ ಮಾತು ನಿಜ, ಬಾಸ್ (ಹಾಡಿನ ತಗ್ಗು ಸ್ವರ) ತುಂಬಿಕೊಂಡು ಬರುತ್ತಿತ್ತು.

ಹಳೇ ವೈರ್ ಮೂಲೆಯಲ್ಲಿ ಸುತ್ತಿ ಬಿದ್ದಿತ್ತು. ಸುಮ್ನೆ ಎತ್ತಿ ನೋಡಿದೆ. ಸಾಮಾನ್ಯ ಜೋಡಿ ವೈರ್, ಒಂದು ಎಳೆಯ ಮೇಲೆ ಮಾತ್ರ ಸಣ್ಣ ಬಿಳಿ ಗೆರೆ. ಪ್ಲಸ್ ಗುರುತಿಗೆಂದು ತುದಿಗಳಿಗೆ ಅವನು ಕೆಂಪು ಟೇಪು ಸುತ್ತಿದ್ದ. ಒಂದು ತುದಿಯಲ್ಲಿ ಟೇಪು ಗೆರೆ ಇರುವ ಎಳೆಯ ಮೇಲಿತ್ತು, ಇನ್ನೊಂದು ತುದಿಯಲ್ಲಿ ಗೆರೆ ಇಲ್ಲದ ಎಳೆಯ ಮೇಲೆ! ಇಷ್ಟು ದಿನ ಎಡಗಡೆ ಸ್ಪೀಕರ್‌ಗೆ ಪ್ಲಸ್ಸು ಮೈನಸ್ಸು ಅದಲುಬದಲಾಗಿತ್ತು. ಬಲಗಡೆ ಕೋನ್ (ಅಲುಗಿ ಶಬ್ದ ಹುಟ್ಟಿಸುವ ಪರದೆ) ಮುಂದೆ ಬಂದಾಗ ಎಡಗಡೆಯದು ಹಿಂದೆ ಸರಿಯುತ್ತಿತ್ತು. ಒಂದು ಗಾಳಿಯನ್ನು ತಳ್ಳಿದರೆ ಇನ್ನೊಂದು ಎಳೆದುಕೊಳ್ಳುತ್ತಿತ್ತು. 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುವ ಸ್ವರದ ಅಲೆ ಸುಮಾರು 7 ಮೀಟರ್ ಉದ್ದ. ಅಷ್ಟು ಉದ್ದದ ಅಲೆಗೆ ಎರಡು ಸ್ಪೀಕರ್‌ಗಳ ನಡುವಿನ ಅಂತರ ಏನೂ ಅಲ್ಲ. ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ, ಬಾಸ್ ಮಾಯವಾಗುತ್ತದೆ. ಹೊಸ ಕೇಬಲ್ ಹಾಕುವಾಗ ಅವನು ಎಚ್ಚರದಿಂದ ಸರಿಯಾಗಿ ಸಿಕ್ಕಿಸಿದ್ದ, ಅಷ್ಟೇ.

ಕೇಬಲ್ ಬದಲಾಯಿಸಿದರೆ ವ್ಯತ್ಯಾಸ ಕೇಳಿಸುತ್ತದೆ ಅನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಆ ವ್ಯತ್ಯಾಸದ ಕಾರಣ ಬಹಳ ಸಲ ಬೇರೆ ಕಡೆ ಇರುತ್ತದೆ. ಅದನ್ನು ಹುಡುಕದೆ ಜನ ದುಡ್ಡು ಸುರಿಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಸ್ಪೀಕರ್ ವೈರ್‌ನಲ್ಲಿ ಮೊದಲು ನೋಡಬೇಕಾದ್ದು ರೋಧ, ಅಂದರೆ ರೆಸಿಸ್ಟೆನ್ಸ್. 2.5 ಸ್ಕ್ವೇರ್ ಎಂಎಂ ದಪ್ಪದ ತಾಮ್ರದ ವೈರ್ 3 ಮೀಟರ್ ಎಳೆದಿರಿ ಅನ್ನಿ. ಹೋಗಿ ಬರುವ ದಾರಿ ಸೇರಿ 6 ಮೀಟರ್. ಅದರ ರೋಧ ಸುಮಾರು 0.04 ಓಮ್. ಸ್ಪೀಕರ್ 8 ಓಮ್‌ನದಾದರೆ ವೈರ್‌ನಲ್ಲಿ ಕಳೆದುಹೋಗುವ ವೋಲ್ಟೇಜ್ ನೂರಕ್ಕೆ 0.5 ಪಾಲು. ಶಬ್ದದ ಜೋರನ್ನು ಅಳೆಯುವ ಡೆಸಿಬೆಲ್ ಲೆಕ್ಕದಲ್ಲಿ 0.05ಕ್ಕಿಂತ ಕಡಿಮೆ. ಕಿವಿಗೆ ಅದು ತಿಳಿಯುವುದಿಲ್ಲ.

ಹಾಗಂತ ಯಾವ ವೈರ್ ಹಾಕಿದರೂ ನಡೆಯುತ್ತದೆ ಅಂತಲ್ಲ. ಅರ್ಧ ಸ್ಕ್ವೇರ್ ಎಂಎಂನ ತೆಳು ವೈರನ್ನು 10 ಮೀಟರ್ ಎಳೆದರೆ ರೋಧ 0.7 ಓಮ್‌ಗೆ ಹತ್ತಿರ ಹೋಗುತ್ತದೆ. 4 ಓಮ್ ಸ್ಪೀಕರ್‌ಗೆ ಇದು ದೊಡ್ಡ ಪಾಲು. ಸ್ಪೀಕರ್‌ನ ಓಮ್ ಎಲ್ಲ ಸ್ವರಗಳಿಗೂ ಒಂದೇ ಇರುವುದಿಲ್ಲ. ಹಾಗಾಗಿ ಕೆಲವು ಸ್ವರ ಜಾಸ್ತಿ ಕುಗ್ಗುತ್ತವೆ, ಕೆಲವು ಕಡಿಮೆ. ನಾದದ ಬಣ್ಣವೇ ಬದಲಾಗುತ್ತದೆ. ವೈರ್‌ನ ರೋಧ ಸ್ಪೀಕರ್‌ನ ಓಮ್‌ನ ನೂರಕ್ಕೆ 5 ಪಾಲು ದಾಟದಿದ್ದರೆ ಸಾಕು ಎಂಬುದು ಹಳೆಯ, ಒಳ್ಳೆಯ ಲೆಕ್ಕ. ದೂರ ಜಾಸ್ತಿ ಇದ್ದರೆ ದಪ್ಪ ಜಾಸ್ತಿ ಮಾಡಿ.

ಈಗ ಸ್ಪೀಕರ್ ಒಳಗೆ ನೋಡೋಣ. ಕೋನ್‌ನ ಹಿಂದೆ ವಾಯ್ಸ್ ಕಾಯಿಲ್ ಇರುತ್ತದೆ. ಹೊಲಿಗೆ ದಾರದಷ್ಟು ತೆಳ್ಳಗಿನ ತಂತಿಯನ್ನು ಸುತ್ತಿ ಸುತ್ತಿ ಮಾಡಿದ ಸುರುಳಿ. 8 ಓಮ್ ಸ್ಪೀಕರ್‌ನಲ್ಲಿ ಈ ಸುರುಳಿಯ ರೋಧವೇ ಸುಮಾರು 6 ಓಮ್. ಜೋರಾಗಿ ಹಾಡು ಹಾಕಿದಾಗ ಅದು ಕಾಯುತ್ತದೆ. ತಾಮ್ರದ ರೋಧ ಒಂದೊಂದು ಡಿಗ್ರಿಗೂ ನೂರಕ್ಕೆ 0.39ರಷ್ಟು ಏರುತ್ತದೆ. 50 ಡಿಗ್ರಿ ಬಿಸಿಯೇರಿದರೆ 1 ಓಮ್‌ಗಿಂತ ಹೆಚ್ಚು ಏರಿಕೆ! ನಿಮ್ಮ ಕೇಬಲ್‌ನ ಇಡೀ ರೋಧದ ಸುಮಾರು 30 ಪಟ್ಟು, ಅದೂ ಒಂದೇ ಹಾಡಿನ ನಡುವೆ. ಕೆರೆಯಿಂದ ಅಗಲವಾದ ಕಾಲುವೆ ಬಂದು, ಗದ್ದೆಯ ಬಾಯಲ್ಲಿ ಗೇಣಗಲದ ಮಡೆ ಇದೆ ಅಂದುಕೊಳ್ಳಿ. ಕಾಲುವೆಯ ಗೋಡೆಗೆ ಎಷ್ಟು ನಯವಾದ ಗಾರೆ ಮಾಡಿದರೂ ನೀರು ಹರಿಯುವುದು ಮಡೆ ಬಿಟ್ಟಷ್ಟೇ ಅಲ್ವಾ?

ಬೆಳ್ಳಿ ತಾಮ್ರಕ್ಕಿಂತ ಉತ್ತಮ ವಾಹಕ ಹೌದು, ಆದರೆ ನೂರಕ್ಕೆ ಐದಾರು ಪಾಲು ಮಾತ್ರ. ತಾಮ್ರವನ್ನೇ ಒಂಚೂರು ದಪ್ಪ ಮಾಡಿದರೆ ಸರಿಸಮ. ಆಕ್ಸಿಜನ್ ರಹಿತ ತಾಮ್ರಕ್ಕೂ ಮಾಮೂಲಿ ವೈರ್‌ನ ತಾಮ್ರಕ್ಕೂ ವಾಹಕತೆಯಲ್ಲಿ ವ್ಯತ್ಯಾಸ ನೂರಕ್ಕೆ ಒಂದರಷ್ಟು. ಚಿನ್ನ ತಾಮ್ರಕ್ಕಿಂತ ಕಳಪೆ ವಾಹಕ. ಪ್ಲಗ್ಗಿಗೆ ಚಿನ್ನದ ಲೇಪ ಕೊಡುವುದು ಅದು ಕಿಲುಬು ಹಿಡಿಯುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ.

ವೈರ್ ನಿಜವಾಗಿಯೂ ಸಂದೇಶವನ್ನು ಕೆಡಿಸುವುದು ಹೇಗೆಂದು ನೋಡಬೇಕಾದರೆ 1858ಕ್ಕೆ ಹೋಗಬೇಕು. ಆ ವರ್ಷ ಅಟ್ಲಾಂಟಿಕ್ ಸಾಗರದ ತಳದಲ್ಲಿ, ಐರ್ಲೆಂಡಿನಿಂದ ಈಗಿನ ಕೆನಡಾದ ನ್ಯೂಫೌಂಡ್‌ಲ್ಯಾಂಡಿಗೆ, 3,000 ಕಿ.ಮೀ.ಗೂ ಉದ್ದದ ಟೆಲಿಗ್ರಾಫ್ ಕೇಬಲ್ ಹಾಸಿದರು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷರಿಗೆ ಕಳಿಸಿದ 98 ಪದಗಳ ಸಂದೇಶ ಪೂರ್ತಿ ತಲುಪಲು 16 ಗಂಟೆ ಹಿಡಿಯಿತು. ಬೇಸಿಗೆಯಲ್ಲಿ ಒಣಗಿದ ಕಾಲುವೆಗೆ ನೀರು ಬಿಟ್ಟಾಗ ಮೊದಲು ದಾರಿಯುದ್ದದ ಮಣ್ಣು ಕುಡಿಯುತ್ತದೆ, ಆಮೇಲೆ ತುದಿಗೆ ನಿಧಾನವಾಗಿ ಬರುತ್ತದೆ. ಕೇಬಲ್ ಕೂಡ ಹಾಗೇ ವಿದ್ಯುತ್ತನ್ನು ಮೊದಲು ತಾನೇ ತುಂಬಿಕೊಳ್ಳುತ್ತದೆ. ಈ ಗುಣಕ್ಕೆ ಕೆಪಾಸಿಟೆನ್ಸ್ ಎನ್ನುತ್ತಾರೆ. ಆ ಕಡೆ ಟೆಲಿಗ್ರಾಫ್ ಸಂಕೇತದ ಚುಕ್ಕೆ ಗೆರೆಗಳೆಲ್ಲ ಒಂದರ ಮೇಲೊಂದು ಹರಡಿಕೊಂಡು ಕಲಸಿಹೋಗುತ್ತವೆ.

ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ ಇದನ್ನು ಮೊದಲೇ ಲೆಕ್ಕ ಹಾಕಿದ್ದರು. ಕೇಬಲ್ ಎರಡು ಪಟ್ಟು ಉದ್ದವಾದರೆ ರೋಧವೂ ಎರಡು ಪಟ್ಟು, ತುಂಬಿಕೊಳ್ಳುವ ಜಾಗವೂ ಎರಡು ಪಟ್ಟು. ಹಾಗಾಗಿ ತಡ ನಾಲ್ಕು ಪಟ್ಟು. ಕೇಬಲ್ ಹಾಸಿದ ಕಂಪನಿಯ ಎಲೆಕ್ಟ್ರಿಷಿಯನ್ ವೈಲ್ಡ್‌ಮನ್ ವೈಟ್‌ಹೌಸ್ ಇದನ್ನು ಒಪ್ಪಲಿಲ್ಲ. ಸುಮಾರು 2,000 ವೋಲ್ಟ್ ಕೊಟ್ಟು ತಳ್ಳಿ ನೋಡಿದರು. ಮೊದಲೇ ದೋಷವಿದ್ದ ಕೇಬಲ್ ಕೆಲವೇ ವಾರಗಳಲ್ಲಿ ಪೂರ್ತಿ ಸತ್ತುಹೋಯಿತು.

ಉದ್ದದ ವರ್ಗಕ್ಕೆ ತಕ್ಕಂತೆ ತಡ ಏರುವ ಅದೇ ಲೆಕ್ಕವನ್ನು ಮನೆಗೆ ತನ್ನಿ. ನಿಮ್ಮ 3 ಮೀಟರ್ ಆ ಕೇಬಲ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು. ವರ್ಗ ಮಾಡಿದರೆ ತೊಂದರೆ ಲಕ್ಷ ಕೋಟಿಯಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈ ಸಂಖ್ಯೆ ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಸಾಗರದಡಿಯಲ್ಲಿ ಒಂದು ಖಂಡವನ್ನೇ ತೊದಲಿಸಿದ ಭೌತಶಾಸ್ತ್ರ ಸೋಫಾದ ಹಿಂದೆ ಪೂರ್ತಿ ಸುಮ್ಮನಾಗಿಬಿಡುತ್ತದೆ.

ಒಂದು ಕಡೆ ಮಾತ್ರ ಕೆಪಾಸಿಟೆನ್ಸ್ ಮನೆಯಲ್ಲೂ ತಲೆ ಎತ್ತುತ್ತದೆ. ಅದು ರೆಕಾರ್ಡ್ ಪ್ಲೇಯರ್. ಅದರ ಸೂಜಿಯ ಕಾರ್ಟ್ರಿಡ್ಜ್ (ಸೂಜಿಯ ಅಲುಗಾಟವನ್ನು ವಿದ್ಯುತ್ ಮಾಡುವ ಪುಟ್ಟ ಭಾಗ) ಕೊಡುವುದು ಕೆಲವೇ ಮಿಲಿವೋಲ್ಟ್. ಒಳಗೆ ಪುಟ್ಟ ಅಯಸ್ಕಾಂತ ಅಲುಗುವ ಮೂವಿಂಗ್ ಮ್ಯಾಗ್ನೆಟ್ ಮಾದರಿಯಾದರೆ ವೈರ್‌ನ ಕೆಪಾಸಿಟೆನ್ಸ್ ಮೇಲಿನ ಸ್ವರಗಳನ್ನು ಏರಿಸಬಲ್ಲದು, ಇಳಿಸಬಲ್ಲದು. ಒಳ್ಳೆಯ ಶೀಲ್ಡ್ (ಹೊರಗಿನ ಗದ್ದಲ ತಡೆಯುವ ಲೋಹದ ಹೊದಿಕೆ) ಇರುವ ಗಿಡ್ಡ ವೈರ್ ಅಲ್ಲಿ ಬೇಕೇ ಬೇಕು. ಎಚ್‌ಡಿಎಂಐನಂಥ ಡಿಜಿಟಲ್ ಕೇಬಲ್ ಕೆಟ್ಟರೆ ಶಬ್ದ ಕಡಿದು ಕಡಿದು ಬರುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಬಾಸ್ ಮೆತ್ತಗಾಗುವುದಿಲ್ಲ.

ಹಾಗಾದರೆ ಕಿವಿಗೆ ಬಿದ್ದ ಸುಧಾರಣೆ ಎಲ್ಲಿಂದ ಬಂತು? ಹಳೇ ಪ್ಲಗ್ ಕಿತ್ತು ಹೊಸದನ್ನು ಒತ್ತಿ ಹಾಕುವಾಗ ಕಿಲುಬು ಉಜ್ಜಿ ಹೋಗುತ್ತದೆ. ಇದು ನಿಜವಾದ ಲಾಭ, ಹಳೇ ವೈರನ್ನೇ ಮತ್ತೆ ಸಿಕ್ಕಿಸಿದರೂ ಸಿಗುತ್ತದೆ. ಇನ್ನೊಂದು, ನೀವು ಕೂತ ಜಾಗ. 10,000 ಹರ್ಟ್ಜ್ ಅಲೆಯ ಉದ್ದ ಬರೀ 3.4 ಸೆಂ.ಮೀ. ಎದ್ದು ಬಂದು ಮತ್ತೆ ಕೂತಾಗ ತಲೆ ನಾಲ್ಕು ಬೆರಳು ಸರಿದಿದ್ದರೂ ಮೇಲಿನ ಸ್ವರಗಳು ಬದಲಾಗುತ್ತವೆ. ಜೊತೆಗೆ ಮನಸ್ಸು. ದುಡ್ಡು ಕೊಟ್ಟವರು ಗಮನವಿಟ್ಟು ಕೇಳುತ್ತಾರೆ, ಗಮನವಿಟ್ಟಾಗ ನಿನ್ನೆ ಕೇಳದ ತಂಬೂರಿಯೂ ಕೇಳುತ್ತದೆ.

ಗೆಳೆಯನನ್ನು ಕಣ್ಣು ಮುಚ್ಚಿ ಕೂರಿಸಿ, ಹಳೇ ವೈರನ್ನು ಸರಿಯಾಗಿ ಹಾಕಿ, ಎರಡನ್ನೂ ಅದಲಿಸಿ ಬದಲಿಸಿ ಕೇಳಿಸಿದೆ. ಯಾವುದು ಯಾವುದೆಂದು ಅವನಿಗೆ ಹೇಳಲಾಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ವೈರ್ ತಿರುಗುಮುರುಗಾಗಿದೆ ಅಂತ ಆವಾಗಲೇ ತಿಳಿಯೋದು ಹೇಗಿತ್ತು?" ಎಂದು ಕೇಳಿದ.

ಸುಲಭ. ವೈರನ್ನು ಆಂಪ್ಲಿಫೈಯರ್‌ನಿಂದ ಬಿಚ್ಚಿ, ಸ್ಪೀಕರ್ ಕಡೆ ಹಾಗೇ ಇರಲಿ. 1.5 ವೋಲ್ಟ್‌ನ ಒಂದು ಸೆಲ್ ತಗೊಳ್ಳಿ. ಪ್ಲಸ್ ಅಂದುಕೊಂಡ ಎಳೆಯನ್ನು ಅದರ ಪ್ಲಸ್‌ಗೆ, ಇನ್ನೊಂದನ್ನು ಮೈನಸ್‌ಗೆ ಒಂದೇ ಕ್ಷಣ ಮುಟ್ಟಿಸಿ, ವೂಫರ್ (ಬಾಸ್ ನುಡಿಸುವ ದೊಡ್ಡ ಕೋನ್) ನೋಡುತ್ತಿರಿ. ಟಪ್ ಎಂದು ಕೋನ್ ಮುಂದೆ ಬಂದರೆ ಸರಿ ಇದೆ. ಒಳಗೆ ಹೋದರೆ ತುದಿ ಬದಲಾಯಿಸಿ.