ಕೊಬ್ಬು ಹೊರುವ ಪ್ರೋಟೀನ್ ಸುದ್ದಿಯನ್ನೂ ಹೊತ್ತಿತ್ತು

ಸ್ಲೈಮ್ ಮೋಲ್ಡ್ ಬೆಳವಣಿಗೆಯಲ್ಲಿ ಲಿಪಿಡ್ (ಕೊಬ್ಬಿನಂಥ ವಸ್ತು) ಹಿಡಿಯುವ ಪ್ರೋಟೀನ್‌ಗಳ ಪಾತ್ರವೇನು? ಓದಲು ಕೂತರೆ ಮೂರು-ನಾಲ್ಕು ಅಕ್ಷರದ ಹೆಸರುಗಳಲ್ಲೇ ತಲೆ ಕೆಡುತ್ತದೆ. ಎಳೆ ಎಳೆಯಾಗಿ ಬಿಡಿಸೋಣ.

ಡಿಕ್ಟಿಯೊಸ್ಟೀಲಿಯಂ ಎಂಬ ಸ್ಲೈಮ್ ಮೋಲ್ಡ್ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ತಿಂದು ಬದುಕುವ ಒಂಟಿ ಅಮೀಬಾ. ಆಹಾರ ಮುಗಿದರೆ ಲಕ್ಷದವರೆಗೂ ಅಮೀಬಾಗಳು ಒಂದೆಡೆ ಸೇರುತ್ತವೆ. ಸುಮಾರು 24 ಗಂಟೆಯಲ್ಲಿ ಒಂದು ಪುಟ್ಟ ಕಾಂಡ, ತುದಿಯಲ್ಲಿ ಬೀಜಕಗಳ ಗುಂಡು. ಕಾಂಡವಾದ ಕೋಶಗಳು, ಅಂದರೆ ಹೆಚ್ಚುಕಮ್ಮಿ ಐದನೇ ಒಂದು ಪಾಲು, ಸಾಯುತ್ತವೆ.

1930ರ ದಶಕದಲ್ಲಿ ಕೆನೆತ್ ರೇಪರ್ ಈ ಜೀವಿಯನ್ನು ಪರಿಚಯಿಸಿದರು. 1967ರಲ್ಲಿ ಅಮೀಬಾಗಳನ್ನು ಕರೆಯುವ ರಾಸಾಯನಿಕ ಸೈಕ್ಲಿಕ್ ಎಎಂಪಿ ಎಂದು ತಿಳಿಯಿತು. 1998ರಲ್ಲಿ ಪೀಟರ್ ಡೆವ್ರಿಯೋಟ್ಸ್ ತಂಡ ಕ್ರ್ಯಾಕ್ ಎಂಬ ಪ್ರೋಟೀನ್‌ಗೆ ಹಸಿರು ಹೊಳಪು ಅಂಟಿಸಿ ನೋಡಿತು. ಅಮೀಬಾ ಹೊರಟ ದಿಕ್ಕಿನ ಅಂಚಿಗೇ ಅದು ಓಡಿ, ಪೊರೆಗೆ ಅಂಟಿಕೊಂಡಿತು. ಅಲ್ಲಿ ಅದು ಹಿಡಿಯುವ ಲಿಪಿಡ್ ಪಿಐಪಿ3. ಅಮೀಬಾದ ದಿಕ್ಸೂಚಿ ಇದೇ ಎಂಬ ಉತ್ಸಾಹ ವರ್ಷಗಟ್ಟಲೆ ನಡೆಯಿತು. ಆದರೆ 2007ರಲ್ಲಿ ಪಿಐಪಿ3 ತಯಾರಿಸುವ ಐದು ಕಿಣ್ವಗಳನ್ನು ತೆಗೆದರೂ ಅಮೀಬಾಗಳು ಬಹುತೇಕ ಸರಿಯಾಗೇ ದಾರಿ ಹಿಡಿದವು.

ಆ ಗದ್ದಲದಲ್ಲಿ ಎಸಿಬಿಎ ಎಂಬ ಇನ್ನೊಂದು ಪ್ರೋಟೀನ್‌ಗೆ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. ಕೋಶದೊಳಗೆ ಕೊಬ್ಬಿನಾಮ್ಲದ ತುಣುಕು ಹೊರುವ ಪುಟ್ಟ ಪ್ರೋಟೀನ್ ಇದು. ನಮ್ಮಲ್ಲೂ ಇದೆ. 1983ರಲ್ಲಿ ಇಲಿಯ ಮಿದುಳಿನಲ್ಲಿ ಡಯಾಜೆಪಾಮ್ ಎಂಬ ಆತಂಕ ತಗ್ಗಿಸುವ ಔಷಧಿ ಅಂಟುವ ಜಾಗಕ್ಕೆ ಪೈಪೋಟಿ ಕೊಡುವ ಪ್ರೋಟೀನ್ ಎಂದು ಸಿಕ್ಕಿದ್ದೂ ಇದರ ಬಂಧುವೇ. ಮುಂದೆ ಲಿವರ್‌ನಲ್ಲಿ ಕೊಬ್ಬು ಹೊರುವುದಾಗಿ ಇನ್ನೊಂದು ಹೆಸರು ಪಡೆಯಿತು. ಮಿದುಳಿನವರು, ಲಿವರ್‌ನವರು ತಂತಮ್ಮ ಪಾಡಿಗೆ ಕೆಲಸ ಮಾಡುತ್ತಾ ಹೋದರು.

2005ರಲ್ಲಿ ಸ್ಯಾನ್ ಡಿಯಾಗೊದಲ್ಲಿ ವಿಜ್ಞಾನಿಗಳಾದ ಆಂಜಾರ್ಡ್ ಮತ್ತು ಲೂಮಿಸ್ ತೋರಿಸಿದ್ದು ಇದು: ಬೀಜಕವಾಗಲಿರುವ ಕೋಶಗಳು ಎಸಿಬಿಎಯನ್ನು ಹೊರಬಿಡುತ್ತವೆ. ಕಾಂಡವಾಗಲಿರುವ ಕೋಶಗಳ ಮೈಮೇಲಿನ ಟ್ಯಾಗ್‌ಸಿ ಎಂಬ ಪ್ರೋಟೀನ್ ಅದನ್ನು ಕತ್ತರಿಸುತ್ತದೆ. ಆಗ ಉಳಿಯುವ 34 ಅಮಿನೋ ಆಮ್ಲಗಳ ತುಣುಕೇ ಎಸ್‌ಡಿಎಫ್-2 ಎಂಬ ಸಂದೇಶ. ಅದು ತಲುಪಿದ ಕೂಡಲೇ ಬೀಜಕ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಅಂದರೆ ಸಾಯಲಿರುವ ಕೋಶವೇ ಬದುಕುವ ಕೋಶಕ್ಕೆ ಸೂಚನೆ ಕೊಡುತ್ತಿದೆ, ಅಲ್ವಾ? ಎಸಿಬಿಎ ಹೊರಬರಲು ಗಾಬಾ ಎಂಬ ರಾಸಾಯನಿಕ ಕಾರಣ ಎಂದು ಮರುವರ್ಷ ಗೊತ್ತಾಯಿತು. ನಮ್ಮ ನರಕೋಶಗಳು ಬಳಸುವ ಅದೇ ಗಾಬಾ!

ಇನ್ನೊಂದು ಗಂಟು ಹಾಗೇ ಇತ್ತು. ಕೋಶದಿಂದ ಹೊರಹೋಗುವ ಪ್ರೋಟೀನ್‌ಗೆ ಸಾಮಾನ್ಯವಾಗಿ ಇರುವ ಗುರುತು ಎಸಿಬಿಎಗೆ ಇಲ್ಲ. ಹಾಗಾದರೆ ಅದು ಹೊರಬಂದದ್ದು ಹೇಗೆ? 2010ರಲ್ಲಿ ರವಿ ಮಂಜಿತ್ತಾಯ ಮತ್ತು ಜೊತೆಗಾರರು ಯೀಸ್ಟ್‌ನಲ್ಲಿ ಇದನ್ನು ಹುಡುಕಿದರು. ಯೀಸ್ಟ್ ಹೊರಬಿಟ್ಟ ಇಂಥದೇ ಪ್ರೋಟೀನನ್ನು ಡಿಕ್ಟಿಯೊಸ್ಟೀಲಿಯಂ ಕೋಶಗಳಿಗೆ ಕೊಟ್ಟು, ಬೀಜಕ ಆಯಿತೇ ಎಂದು ನೋಡಿದರು. ಕೋಶ ತನ್ನದೇ ಕಸ ಸುತ್ತಿ ಜೀರ್ಣಿಸುವ ಆಟೊಫೇಜಿ ವ್ಯವಸ್ಥೆಯೇ ಇದಕ್ಕೆ ದಾರಿಯೆಂದು ತಿಳಿಯಿತು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿ ಮಂಜಿತ್ತಾಯ ಮುಂದೆ ಕಟ್ಟಿದ ಪ್ರಯೋಗಾಲಯದ ವಿಷಯವೂ ಆಟೊಫೇಜಿಯೇ.